ಬೆಳಗಾವಿ ಮತ್ತು ಖಾನಾಪುರದಲ್ಲಿ ಪಶುರೋಗ ತಪಾಸಣೆ

ಪಶುರೋಗ ತಪಾಸಣಾ ಪ್ರಯೋಗಾಲಯವು ದನ, ಎಮ್ಮೆ, ಕುರಿ, ಆಡು, ಕೋಳಿ ಮೊದಲಾದ ಪ್ರಾಣಿಗಳ ರಕ್ತ, ಹಾಲು, ಸಗಣಿ ಹಾಗೂ ಅಂಗಾಂಶಗಳ ಮಾದರಿಗಳನ್ನು ಪರೀಕ್ಷಿಸಿ ರೋಗದ ಕಾರಣವನ್ನು ನಿರ್ಧರಿಸುವ ಸಂಸ್ಥೆ. ಕರ್ನಾಟಕದ ವಾಯವ್ಯ ಭಾಗಕ್ಕೆ ಬೆಳಗಾವಿ ನಗರದಲ್ಲಿರುವ ಪ್ರಯೋಗಾಲಯ ಈ ಸೇವೆಯನ್ನು ಒದಗಿಸುತ್ತದೆ. ಅದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಅಂಗವಾಗಿದೆ. ನಗರದಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ಮತ್ತು ಅದರ ಕಾಡಂಚಿನ ಹಳ್ಳಿಗಳಿಂದ ಬರುವ ಮಾದರಿಗಳ ವಿಷಯದಲ್ಲಿ ಪ್ರಯೋಗಾಲಯದ ಯಂತ್ರಗಳಷ್ಟೇ ಮುಖ್ಯವಾದುದು, ಮಾದರಿ ಸಂಗ್ರಹಿಸುವ ಸಿಬ್ಬಂದಿಯ ತರಬೇತಿ.

ಹಿನ್ನೆಲೆ

ಹೆಬ್ಬಾಳದ ಸಂಸ್ಥೆಯು 1925ರಲ್ಲಿ ಮೈಸೂರು ಸಂಸ್ಥಾನದ ಸೀರಮ್ ಇನ್‌ಸ್ಟಿಟ್ಯೂಟ್ ಆಗಿ ಆರಂಭವಾಯಿತು. ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವನ್ನು ತಡೆಯುವುದು ಆಗಿನ ತುರ್ತಾಗಿತ್ತು. ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸಂಸ್ಥೆ ಮಾತ್ರ ಲಸಿಕೆ ತಯಾರಿಕೆ ಹಾಗೂ ರೋಗನಿರ್ಣಯ ಎರಡನ್ನೂ ಮುಂದುವರಿಸಿಕೊಂಡು ಬಂದು, ಇಂದು ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ.

ಪ್ರದೇಶದ ಸ್ವರೂಪ

ಬೆಳಗಾವಿ ಜಿಲ್ಲೆಯ ಪೂರ್ವಭಾಗ ಕಡಿಮೆ ಮಳೆಯ ಬಯಲುಸೀಮೆ. ಕುರಿ ಸಾಕಣೆ ಅಲ್ಲಿ ಹೆಚ್ಚು. ಖಾನಾಪುರ ತಾಲ್ಲೂಕು ಇದಕ್ಕೆ ತೀರ ಭಿನ್ನ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, 2011ರಲ್ಲಿ ಘೋಷಿತವಾದ ಭೀಮಗಡ ವನ್ಯಜೀವಿಧಾಮ ಎಲ್ಲವೂ ಈ ತಾಲ್ಲೂಕಿನ ಮಲೆನಾಡು ಭಾಗದಲ್ಲಿವೆ. ಗದ್ದೆಯಂಚಿನ ಬಸವನಹುಳುಗಳ ಮೂಲಕ ದನಗಳಿಗೆ ಯಕೃತ್ತಿನ ಚಪ್ಪಟೆ ಹುಳು ತಗಲುತ್ತದೆ. ಉಣ್ಣೆಗಳ ಮೂಲಕ ಥೈಲೀರಿಯಾಸಿಸ್, ಬೆಬೇಸಿಯಾಸಿಸ್ ಹರಡುತ್ತವೆ. ಕಾಡಿನೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ರಸ್ತೆ ಸಂಪರ್ಕವೇ ಕಷ್ಟವಾಗುತ್ತದೆ. ರೋಗ ಹೆಚ್ಚುವ ಕಾಲವೂ ಅದೇ. ಸತ್ತ ದನದ ಅಂಗಾಂಶವು ಪ್ರಯೋಗಾಲಯ ತಲಪುವ ಮೊದಲೇ ಕೊಳೆತುಹೋದರೆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಸೇವೆಗಳು

ರೈತರು ಸಾಮಾನ್ಯವಾಗಿ ಸ್ಥಳೀಯ ಪಶು ಚಿಕಿತ್ಸಾಲಯದ ಮೂಲಕ ಮಾದರಿ ಕಳುಹಿಸುತ್ತಾರೆ. ಸಗಣಿ ಪರೀಕ್ಷೆಯಿಂದ ಹುಳುಗಳ ಮೊಟ್ಟೆಗಳನ್ನೂ, ಕಿವಿಯ ತುದಿಯ ರಕ್ತದ ಲೇಪವನ್ನು ಗೀಮ್ಸಾ ಬಣ್ಣದಿಂದ ನೋಡಿ ರಕ್ತದ ಪರೋಪಜೀವಿಗಳನ್ನೂ ಗುರುತಿಸಲಾಗುತ್ತದೆ. ಗರ್ಭಪಾತಕ್ಕೆ ಕಾರಣವಾಗುವ ಕಂದುರೋಗಕ್ಕೆ ರೋಸ್ ಬೆಂಗಾಲ್ ಪರೀಕ್ಷೆ ಮೊದಲ ಹೆಜ್ಜೆ. ಕೆಚ್ಚಲು ಬಾವಿನ ಹಾಲಿನಿಂದ ಸೂಕ್ಷ್ಮಾಣುಗಳನ್ನು ಬೆಳೆಸಿ, ಯಾವ ಪ್ರತಿಜೀವಕ ಅವುಗಳಿಗೆ ತಾಗುತ್ತದೆಂಬುದನ್ನು ಪರೀಕ್ಷಿಸಿ ಹೇಳುವುದು ಹೈನುಗಾರರಿಗೆ ಅತ್ಯಂತ ಉಪಯುಕ್ತವಾದ ಸೇವೆ. ಆದರೆ ಔಷಧಿ ಕೊಟ್ಟ ಮೇಲೆ ಹಾಲು ಕಳುಹಿಸಿದರೆ ಸೂಕ್ಷ್ಮಾಣು ಬೆಳೆಯದೇ ಹೋಗಬಹುದು. ಮಾದರಿ ಮೊದಲು, ಚುಚ್ಚುಮದ್ದು ಆಮೇಲೆ ಎಂಬುದು ಸರಿಯಾದ ಕ್ರಮ.

ಕೆಲವು ರೋಗಗಳ ಅಂತಿಮ ನಿರ್ಣಯ ಬೇರೆಡೆ ಆಗುತ್ತದೆ. ಉದಾಹರಣೆಗೆ, ಹಕ್ಕಿಜ್ವರದ ಶಂಕೆಯಿದ್ದರೆ ಮಾದರಿ ಭೋಪಾಲದ ರಾಷ್ಟ್ರೀಯ ಸಂಸ್ಥೆಗೆ ಹೋಗುತ್ತದೆ.

ಸಿಬ್ಬಂದಿ ತರಬೇತಿ

ತರಬೇತಿಗೆ ಎರಡು ಮುಖಗಳಿವೆ. ಪ್ರಯೋಗಾಲಯದೊಳಗಿನ ತಂತ್ರಜ್ಞರು ಬಣ್ಣ ಹಾಕುವುದು, ಸೂಕ್ಷ್ಮಾಣು ಬೆಳೆಸುವುದು, ದಾಖಲೆ ಇಡುವುದು, ಕಸವನ್ನು ಸೋಂಕುಮುಕ್ತಗೊಳಿಸಿ ವಿಲೇವಾರಿ ಮಾಡುವುದು ಇವುಗಳನ್ನು ಕಲಿಯಬೇಕು. ಬ್ರುಸೆಲ್ಲಾ ಸೂಕ್ಷ್ಮಾಣು ಗಾಳಿಯ ಮೂಲಕವೂ ದೇಹ ಸೇರಬಲ್ಲದಾದ್ದರಿಂದ ಅದನ್ನು ಬೆಳೆಸುವ ಕೆಲಸವನ್ನು ತೆರೆದ ಮೇಜಿನ ಮೇಲೆ ಮಾಡುವಂತಿಲ್ಲ. ಎರಡನೆಯದು ಹಳ್ಳಿಯ ಪಶುವೈದ್ಯರು ಮತ್ತು ಪಶುವೈದ್ಯ ಪರೀಕ್ಷಕರಿಗೆ ಸಂಬಂಧಿಸಿದ್ದು. ಇದಕ್ಕೆ ಸಿಗುವ ಗಮನ ಕಡಿಮೆ, ಫಲ ಹೆಚ್ಚು.

ನೆರಡಿ ರೋಗ ಇದಕ್ಕೆ ಉತ್ತಮ ನಿದರ್ಶನ. ದನ ಹಠಾತ್ತನೆ ಸತ್ತು, ಮೂಗು ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಆ ಹೆಣವನ್ನು ಕೊಯ್ಯಲೇಬಾರದು. ಕೊಯ್ದಾಗ ಗಾಳಿಗೆ ತೆರೆದುಕೊಂಡ ಸೂಕ್ಷ್ಮಾಣುಗಳು ಬೀಜಾಣುಗಳಾಗಿ ಮಾರ್ಪಟ್ಟು ಆ ಮಣ್ಣಿನಲ್ಲಿ ದಶಕಗಳವರೆಗೆ ಉಳಿಯುತ್ತವೆ; ಕೊಯ್ದವರಿಗೂ ಸೋಂಕು ತಗಲುತ್ತದೆ. ಕೈಗವಸು ತೊಟ್ಟು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಲೇಪಿಸಿ ಒಣಗಿಸಿದರೆ ಸಾಕು. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣದಲ್ಲಿ ನೀಲಿ ಕೋಲುಗಳ ಸುತ್ತ ಗುಲಾಬಿ ಕವಚ ಕಂಡರೆ ರೋಗ ಬಹುಮಟ್ಟಿಗೆ ಖಚಿತ. ಬಳಿಕ ಹೆಣವನ್ನು ಸುಡಬೇಕು, ಇಲ್ಲವೇ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಪ್ರತಿ ರೋಗಕ್ಕೂ ಕ್ರಮ ಬೇರೆ. ಗಳಲೆ ರೋಗದಿಂದ ಸತ್ತ ಹೆಣ ಕೆಡಲಾರಂಭಿಸಿದ್ದರೆ ಕಾಲಿನ ಉದ್ದ ಮೂಳೆಯನ್ನು ಕಳುಹಿಸುತ್ತಾರೆ, ಒಳಗಿನ ಮಜ್ಜೆ ತಡವಾಗಿ ಕೆಡುವುದರಿಂದ. ಕಾಲುಬಾಯಿ ಬೇನೆಗೆ ನಾಲಿಗೆಯ ಗುಳ್ಳೆಯ ಚರ್ಮವನ್ನು ಗ್ಲಿಸರಿನ್ ದ್ರಾವಣದಲ್ಲಿ ಇಡಬೇಕು. ಸೂಕ್ಷ್ಮಾಣು ಬೆಳೆಸಬೇಕಾದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಹಾಕಿದರೆ ಸೂಕ್ಷ್ಮಾಣು ಸತ್ತು ಮಾದರಿ ನಿಷ್ಪ್ರಯೋಜಕವಾಗುತ್ತದೆ. ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲೇ ತರಬೇಕು. ಪ್ರಾಣಿಯ ವಯಸ್ಸು, ರೋಗಲಕ್ಷಣ, ಹಾಕಿಸಿದ ಲಸಿಕೆ, ಸತ್ತ ಸಮಯ ಇವುಗಳನ್ನು ಬರೆದ ಚೀಟಿಯೂ ಮಾದರಿಯ ಭಾಗವೇ.

ಇತ್ತೀಚಿನ ಸಂದರ್ಭಗಳು

2025ರ ನವೆಂಬರ್‌ನಲ್ಲಿ ಬೆಳಗಾವಿ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ 31 ಕೃಷ್ಣಮೃಗಗಳು ಸತ್ತವು. ಗಳಲೆ ರೋಗವೇ ಕಾರಣವೆಂದು ತಪಾಸಣೆಯಿಂದ ತಿಳಿದುಬಂತು. ದನ, ಎಮ್ಮೆಗಳಲ್ಲಿ ಮಳೆಗಾಲದ ಹೊತ್ತಿಗೆ ಕಾಣುವ ಈ ರೋಗ ಗಂಟೆಗಳ ಲೆಕ್ಕದಲ್ಲಿ ಕೊಲ್ಲುವುದರಿಂದ, ಮೊದಲ ಸಾವಿನ ಮಾದರಿ ಎಷ್ಟು ಬೇಗ ಮೇಜಿಗೆ ಬರುತ್ತದೆಂಬುದರ ಮೇಲೆ ಉಳಿದ ಪ್ರಾಣಿಗಳ ಗತಿ ನಿಂತಿರುತ್ತದೆ.

ಮನುಷ್ಯರಿಗೂ ಇದರ ಸಂಬಂಧವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣ್ಣೆಗಳ ಮೂಲಕ ಹರಡುತ್ತದೆ. ಗೋವಾದ ಗೇರು ತೋಟಗಳಿಗೆ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯ ಕಾರ್ಮಿಕರಲ್ಲಿ 2016ರಲ್ಲಿ ಅದು ಕಾಣಿಸಿಕೊಂಡಿತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿರುವುದು ಈ ರೋಗದ ಮುನ್ಸೂಚನೆಯಾಗಿರಬಹುದಾದ್ದರಿಂದ ಅದನ್ನು ಮುಟ್ಟದೆ ಆರೋಗ್ಯ, ಅರಣ್ಯ ಅಥವಾ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ದನಕರುಗಳಲ್ಲಿ ಅಧಿಸೂಚಿತ ಸಾಂಕ್ರಾಮಿಕ ರೋಗದ ಶಂಕೆ ಬಂದಾಗ ಗ್ರಾಮದ ಅಧಿಕಾರಿಗೆ ಇಲ್ಲವೇ ಪಂಚಾಯಿತಿಗೆ ವರದಿ ಮಾಡುವುದು 2009ರ ಕೇಂದ್ರ ಕಾಯ್ದೆಯ ಪ್ರಕಾರ ಮಾಲೀಕರ ಕರ್ತವ್ಯವಾಗಿದೆ.