64 ಕೆಬಿಯಲ್ಲಿ ಸಂಸಾರ

ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸ ಫೋಲ್ಡರ್ ತೆರೆದು ಅದಕ್ಕೆ ಇಂಗ್ಲಿಷಿನ ಸಿ, ಒ, ಎನ್ ಎಂಬ ಮೂರಕ್ಷರದ ಹೆಸರಿಡಲು ಹೋಗಿ. ಕಂಪ್ಯೂಟರ್ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಇದನ್ನು ಪತ್ತೆ ಮಾಡಿದ್ದು ಒಬ್ಬ ಭಾರತೀಯನೆಂದೂ ಇದರ ಗುಟ್ಟು ಬಿಲ್ ಗೇಟ್ಸ್‌ಗೂ ಗೊತ್ತಿಲ್ಲವೆಂದೂ ಹೇಳುವ ಸಂದೇಶವೊಂದು ಇಮೇಲ್ ಕಾಲದಿಂದ ವಾಟ್ಸ್ಆ್ಯಪ್ ಕಾಲದವರೆಗೆ ಕೈಯಿಂದ ಕೈಗೆ ದಾಟುತ್ತಲೇ ಬಂದಿದೆ. ಗುಟ್ಟು ಎಂಥದೂ ಇಲ್ಲ. 1970ರ ದಶಕದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಕೀಬೋರ್ಡ್ ಮತ್ತು ಪರದೆಯ ಜೋಡಿಯನ್ನು, ಅಂದರೆ ಕನ್ಸೋಲನ್ನು, ಆ ಮೂರಕ್ಷರದಿಂದ ಕರೆಯುತ್ತಿತ್ತು. ಅದನ್ನು ನೋಡಿ ಬೆಳೆದ ಮೈಕ್ರೋಸಾಫ್ಟಿನ ಡಾಸ್ ಆ ಹೆಸರನ್ನು ಕಾಯ್ದಿರಿಸಿತು. ಡಾಸ್‌ನಿಂದ ವಿಂಡೋಸ್‌ಗೆ ಬಂತು. ನಮ್ಮ ‘ಸಿ ಡ್ರೈವ್’ ಬಂದದ್ದೂ ಅದೇ ದಾರಿಯಲ್ಲಿ.

ಆ ಸಿಪಿ/ಎಂ ಮಾರುಕಟ್ಟೆಯಿಂದ ಮರೆಯಾಗಿ ದಶಕಗಳೇ ಕಳೆದಿವೆ. ಆದರೂ ಅದನ್ನು ಓಡಿಸಲಿಕ್ಕೆಂದೇ ಚಿಪ್ಪು, ವೈರು, ಬೆಸುಗೆ ಕಡ್ಡಿ ಹಿಡಿದು ಹೊಸದಾಗಿ ಕಂಪ್ಯೂಟರ್ ಕಟ್ಟುವವರು ಜಗತ್ತಿನಾದ್ಯಂತ ಇದ್ದಾರೆ. ಹಳೆಯದನ್ನು ನೋಡುವುದಷ್ಟೇ ಆಸೆಯಾದರೆ ಲ್ಯಾಪ್‌ಟಾಪಿನಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಒಂದು ಎಮ್ಯುಲೇಟರ್ ಹಾಕಿಕೊಂಡರೆ ಮುಗಿಯಿತು, ಬೆರಳು ಸುಟ್ಟುಕೊಳ್ಳಬೇಕಿಲ್ಲ. ಕಟ್ಟುವವರನ್ನು ಸೆಳೆಯುವುದು ಬೇರೆಯೇ. ಸಿಪಿ/ಎಂ ಪೂರ್ತಿ ಸಿದ್ಧವಾಗಿ ಕೈಗೆ ಬರುವ ಸಾಮಾನಲ್ಲ. ಅದರ ಒಂದು ಭಾಗವನ್ನು ಯಂತ್ರ ಕಟ್ಟಿದವನೇ ಬರೆಯಬೇಕು. ಆ ಭಾಗ ಬರೆದವರಿಗೆ ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಸಿಪಿ/ಎಂ ಬರೆದವನು ಗ್ಯಾರಿ ಕಿಲ್ಡಾಲ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಮೇಷ್ಟ್ರು, ಬಿಡುವಿನಲ್ಲಿ ಇಂಟೆಲ್ ಕಂಪನಿಗೆ ಸಲಹೆಗಾರ. ಇಂಟೆಲ್ ಚಿಪ್‌ಗಳಿಗೆಂದು ಪಿಎಲ್/ಎಂ ಎಂಬ ಭಾಷೆಯನ್ನೂ ಅವನೇ ರೂಪಿಸಿದ್ದ. ಅವನಿಗೆ ಸಿಕ್ಕ ಶುಗಾರ್ಟ್ ಕಂಪನಿಯ 8 ಇಂಚಿನ ಫ್ಲಾಪಿ ಡ್ರೈವಿಗೆ ಗೆಳೆಯ ಜಾನ್ ಟೊರೋಡ್ ನಿಯಂತ್ರಕ ಮಂಡಲ ಮಾಡಿಕೊಟ್ಟ. 1974ರಲ್ಲಿ, ಮಾಂಟೆರೆಯ ಪಕ್ಕದ ಪೆಸಿಫಿಕ್ ಗ್ರೋವ್ ಎಂಬ ಊರಿನಲ್ಲಿ, ಇಂಟೆಲ್‌ನ 8080 ಚಿಪ್ಪು ಆ ಫ್ಲಾಪಿಯಿಂದ ಕಡತ ಓದಿತು. ಇಂಟೆಲ್ ಪಿಎಲ್/ಎಂ ಕೊಂಡಿತು, ಸಿಪಿ/ಎಂ ಬೇಡವೆಂದಿತು. ಹಾಗಾಗಿ ಕಿಲ್ಡಾಲ್ ಮತ್ತು ಪತ್ನಿ ಡೊರೊಥಿ ಸೇರಿ ಸ್ವಂತ ಕಂಪನಿ ತೆರೆದರು. ಮುಂದೆ ಅದು ಡಿಜಿಟಲ್ ರಿಸರ್ಚ್ ಎಂದು ಹೆಸರಾಯಿತು.

ಕಟ್ಟುವ ಕೆಲಸಕ್ಕೆ ಬರೋಣ. ಸಿಪಿ/ಎಂ ಬರೆದದ್ದು 8080 ಚಿಪ್ಪಿಗಾದರೂ ಇಂದು ಬಹುತೇಕರು ಆಯ್ದುಕೊಳ್ಳುವುದು ಝಡ್-80 ಚಿಪ್ಪನ್ನು. ಇಂಟೆಲ್ ಬಿಟ್ಟು ಹೊರಬಂದ ಫೆಡೆರಿಕೊ ಫ್ಯಾಜಿನ್ ಕಟ್ಟಿದ ಝೈಲಾಗ್ ಕಂಪನಿ ಅದನ್ನು 1976ರಲ್ಲಿ ಹೊರತಂದಿತು. 8080ರ ಆದೇಶಗಳೆಲ್ಲ ಅದಕ್ಕೆ ಅರ್ಥವಾಗುತ್ತವೆ. 8080ಕ್ಕೆ ಮೂರು ಬೇರೆ ಬೇರೆ ವೋಲ್ಟೇಜು ಬೇಕಿದ್ದರೆ ಇದಕ್ಕೆ 5 ವೋಲ್ಟ್ ಒಂದೇ ಸಾಕು. 40 ಕಾಲುಗಳ ಈ ಚಿಪ್ಪಿನ ಜೊತೆಗೆ ಬೇಕಾದದ್ದು ನೆನಪಿನ ಚಿಪ್ಪು (ರಾಮ್), ಆರಂಭದ ಆದೇಶಗಳನ್ನು ಹಿಡಿದಿಡುವ ರೋಮ್, ಲ್ಯಾಪ್‌ಟಾಪಿನೊಡನೆ ಮಾತಾಡಲು ಒಂದು ಸೀರಿಯಲ್ ಚಿಪ್ಪು, ಗಡಿಯಾರದ ಮಿಡಿತ ಕೊಡುವ ಆಸಿಲೇಟರ್, ಮತ್ತು ಇವುಗಳ ನಡುವೆ ಸಂಚಾರ ನಿಯಂತ್ರಿಸುವ ಬಿಡಿ ಲಾಜಿಕ್ ಚಿಪ್ಪುಗಳು. ಒಟ್ಟು ಹತ್ತು ಚಿಪ್ಪಿನೊಳಗೆ ಮುಗಿಸಿದ ವಿನ್ಯಾಸಗಳೂ ಇವೆ. ಆರ್‌ಸಿ2014 ಎಂಬ ಜೋಡಿಸುವ ಕಿಟ್ ಕೊಂಡರೆ ಯಾವ ಕಾಲು ಎಲ್ಲಿಗೆ ಎಂಬ ತಲೆನೋವಿಲ್ಲ. ಬ್ರೆಡ್‌ಬೋರ್ಡ್, ಕೆಪಾಸಿಟರು, ವೈರುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ಝಡ್-80 ಅಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಚಿಪ್ಪುಗಳಲ್ಲಿ ಹಳೆಯ ಮೈ ತಿಕ್ಕಿ ಹೊಸ ಹೆಸರು ಅಚ್ಚೊತ್ತಿದವು ಇರುತ್ತವೆ, ಜೋಕೆ.

ಚಿಪ್ಪು ಜೀವಂತವಿದೆಯೇ ಎಂದು ತಿಳಿಯಲು ಒಂದು ಸೊಗಸಾದ ಪರೀಕ್ಷೆ ಇದೆ. ಝಡ್-80 ಭಾಷೆಯಲ್ಲಿ ಸೊನ್ನೆ ಎಂಬ ಸಂಖ್ಯೆಗೆ ‘ಏನೂ ಮಾಡಬೇಡ, ಮುಂದಕ್ಕೆ ಹೋಗು’ ಎಂದು ಅರ್ಥ. ಚಿಪ್ಪಿಗೆ ಮಾಹಿತಿ ತರುವ ಎಂಟೂ ಕಾಲುಗಳನ್ನು ರೆಸಿಸ್ಟರ್ ಮೂಲಕ ನೆಲಕ್ಕೆ, ಅಂದರೆ 0 ವೋಲ್ಟಿಗೆ, ಕಟ್ಟಿಬಿಡಿ. ಅದು ಎಲ್ಲಿ ಓದಿದರೂ ಸೊನ್ನೆಯೇ. ನೆನಪಿನ ಚಿಪ್ಪೇ ಇಲ್ಲದಿದ್ದರೂ ಅದು ವಿಳಾಸ 0, 1, 2, 3 ಎನ್ನುತ್ತ 65,535ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಒಂದೊಂದು ಹೆಜ್ಜೆಗೆ ಗಡಿಯಾರದ ನಾಲ್ಕು ಮಿಡಿತ. 1 ಮೆಗಾಹರ್ಟ್ಸ್ ಗಡಿಯಾರ ಕೊಟ್ಟು ವಿಳಾಸದ ಕೊನೆಯ ಕಾಲಿಗೆ ಎಲ್‌ಇಡಿ ಸಿಕ್ಕಿಸಿದರೆ ಅದು ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸಲ ಮಿನುಗುತ್ತದೆ. ಇಡೀ ವಿಳಾಸಲೋಕದ ಪ್ರದಕ್ಷಿಣೆ ಅಷ್ಟೇ ಹೊತ್ತಿನದು. ಇಂದಿನ ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲಿ ಇಂಥದ್ದನ್ನು ಬರಿಗಣ್ಣಿನಿಂದ ನೋಡಲು ಸಾಧ್ಯವಿಲ್ಲ.

ಗಡಿಯಾರದ ಬಗ್ಗೆ ಇನ್ನೊಂದು ಮಾತು. ಈ ಯಂತ್ರಗಳ ನಕ್ಷೆಗಳಲ್ಲಿ ಪದೇ ಪದೇ 7.3728 ಮೆಗಾಹರ್ಟ್ಸ್ ಎಂಬ ವಿಚಿತ್ರ ಸಂಖ್ಯೆ ಕಾಣುತ್ತದೆ. 7 ಅಥವಾ 8 ಎಂದು ನೆಟ್ಟಗೆ ಇಡಬಾರದಿತ್ತೇ? ಅದನ್ನು 64ರಿಂದ ಭಾಗಿಸಿ ನೋಡಿ: 1,15,200. ಅದು ಸೀರಿಯಲ್ ಸಂಪರ್ಕದ ಪ್ರಮಾಣಿತ ವೇಗ, ಸೆಕೆಂಡಿಗೆ ಅಷ್ಟು ಬಿಟ್. ಸೀರಿಯಲ್ ಚಿಪ್ಪಿಗೆ 64ರಿಂದ ಭಾಗಿಸುವುದು ಗೊತ್ತು. ಹಾಗಾಗಿ ಒಂದೇ ಆಸಿಲೇಟರಿನಲ್ಲಿ ಪ್ರೊಸೆಸರೂ ಓಡುತ್ತದೆ, ಅಕ್ಷರಗಳೂ ಸರಿಯಾದ ಲಯದಲ್ಲಿ ಲ್ಯಾಪ್‌ಟಾಪಿಗೆ ತಲುಪುತ್ತವೆ. ಲ್ಯಾಪ್‌ಟಾಪಿಗೆ ಇಲ್ಲಿ ಬರೀ ಕೀಬೋರ್ಡು ಮತ್ತು ಪರದೆಯ ಪಾತ್ರ. ಸಾವಿರಾರು ಪಟ್ಟು ಶಕ್ತಿಶಾಲಿ ಯಂತ್ರವೊಂದು ಝಡ್-80ಕ್ಕೆ ಗುಮಾಸ್ತನಾಗಿ ಕೂರುವುದನ್ನು ನೋಡುವುದೇ ಒಂದು ಮಜಾ.

ನಿಜವಾದ ಸಮಸ್ಯೆ ಎದುರಾಗುವುದು ನೆನಪಿನ ಹಂಚಿಕೆಯಲ್ಲಿ. ಝಡ್-80 ಕಣ್ಣು ಬಿಟ್ಟ ಕೂಡಲೇ ನೋಡುವುದು ವಿಳಾಸ ಸೊನ್ನೆಯನ್ನು. ಅಲ್ಲಿ ಓದಲು ಆದೇಶ ಇರಬೇಕೆಂದರೆ ರೋಮ್ ಇರಬೇಕು, ಏಕೆಂದರೆ ವಿದ್ಯುತ್ ಬಂದ ಗಳಿಗೆಯಲ್ಲಿ ಸಾಧಾರಣ ನೆನಪಿನಲ್ಲಿ ಬರೀ ಕಸ. ಆದರೆ ಸಿಪಿ/ಎಂಗೆ ಅದೇ ಸೊನ್ನೆಯ ಜಾಗದಲ್ಲಿ ಬರೆಯಲು ಬರುವ ನೆನಪು ಬೇಕು. ವಿಳಾಸ 0ರಲ್ಲಿ ಅದು ತನ್ನನ್ನು ಮತ್ತೆ ಎಬ್ಬಿಸುವ ದಾರಿಯನ್ನೂ, 5ರಲ್ಲಿ ಪ್ರೋಗ್ರಾಮುಗಳು ಸೇವೆ ಕೇಳಿ ಬರುವ ಬಾಗಿಲನ್ನೂ ಇಡುತ್ತದೆ. 256ರಿಂದ ಪ್ರೋಗ್ರಾಮುಗಳ ವಾಸ. ಒಂದೇ ನಿವೇಶನಕ್ಕೆ ಇಬ್ಬರು ಹಕ್ಕುದಾರರು.

ಪರಿಹಾರ ಹೀಗೆ: ಮೊದಲು ರೋಮ್ ಕೆಳಗಿನ ಜಾಗ ಆಕ್ರಮಿಸಿರುತ್ತದೆ. ಅದರಲ್ಲಿರುವ ಪುಟ್ಟ ಪ್ರೋಗ್ರಾಮು ಸಿಪಿ/ಎಂ ಅನ್ನು ನೆನಪಿನ ಮೇಲ್ತುದಿಗೆ ನಕಲು ಮಾಡುತ್ತದೆ. ಆಮೇಲೆ ಒಂದು ‘ಔಟ್’ ಆದೇಶದಿಂದ ಫ್ಲಿಪ್‌ಫ್ಲಾಪ್ ಎಂಬ ಪುಟ್ಟ ಸ್ವಿಚ್ಚೊಂದನ್ನು ತಿರುಗಿಸಿದರೆ ರೋಮ್ ಕಣ್ಮರೆಯಾಗಿ ಅದರ ಜಾಗದಲ್ಲಿ ರಾಮ್ ಬಂದು ಕೂರುತ್ತದೆ. ಈ ‘ಔಟ್’ ಆದೇಶವೇ ರೋಮಿನಲ್ಲಿದ್ದರೆ ಕೂತ ಕೊಂಬೆಯನ್ನೇ ಕಡಿದಂತೆ. ಮುಂದಿನ ಆದೇಶ ಓದಲು ರೋಮೇ ಇರುವುದಿಲ್ಲ. ಅದಕ್ಕೇ ಆ ನಾಲ್ಕಾರು ಸಾಲುಗಳನ್ನೂ ಮೊದಲೇ ಮೇಲ್ತುದಿಗೆ ಸಾಗಿಸಿ, ಅಲ್ಲಿಗೆ ಜಿಗಿದು, ಅಲ್ಲಿಂದಲೇ ಗುಂಡಿ ಒತ್ತಬೇಕು. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು.

ಸಿಪಿ/ಎಂ 2.2 ಆವೃತ್ತಿಯ ಸಂಸಾರ ಮೂರು ಜನರದು. ನೀವು ಟೈಪಿಸಿದ್ದನ್ನು ಅರ್ಥ ಮಾಡಿಕೊಳ್ಳುವ ಭಾಗಕ್ಕೆ 2,048 ಬೈಟ್. ಕಡತಗಳ ಲೆಕ್ಕ ನೋಡುವ ಬಿಡಾಸ್ ಎಂಬ ಭಾಗಕ್ಕೆ 3,584 ಬೈಟ್. ಎರಡೂ ಸೇರಿ ಆರು ಕಿಲೋಬೈಟ್ ಕೂಡ ಆಗಲಿಲ್ಲ. ಇವತ್ತು ವಾಟ್ಸ್ಆ್ಯಪಿನ ‘ಶುಭೋದಯ’ ಚಿತ್ರವೊಂದು ಇದರ ಹತ್ತಿಪ್ಪತ್ತು ಪಟ್ಟು ತೂಗುತ್ತದೆ. ಜಾಗದ ಜಿಪುಣತನ ಎಷ್ಟೆಂದರೆ, ದೊಡ್ಡ ಪ್ರೋಗ್ರಾಮು ಬಂದಾಗ ಮೊದಲನೆಯ ಭಾಗ ತನ್ನ 2,048 ಬೈಟನ್ನೂ ಅದಕ್ಕೆ ಬಿಟ್ಟುಕೊಡುತ್ತದೆ. ಅತಿಥಿ ಹೋದ ಮೇಲೆ ಡಿಸ್ಕಿನಿಂದ ಮತ್ತೆ ತನ್ನನ್ನು ತುಂಬಿಸಿಕೊಳ್ಳುತ್ತದೆ.

ಮೂರನೆಯದು ಬಯೋಸ್. ಕಟ್ಟುವವನು ಬರೆಯಬೇಕಾದ್ದು ಇದನ್ನೇ. ಮೊದಮೊದಲು ಡಿಸ್ಕಿನ ಕೆಲಸಗಳು ಸಿಪಿ/ಎಂನ ಒಡಲಲ್ಲೇ ಹೆಣೆದುಕೊಂಡಿದ್ದವು. ಇಮ್ಸಾಯ್ ಎಂಬ ಕಂಪ್ಯೂಟರ್ ಕಂಪನಿ ತನ್ನ ಬೇರೆ ಬಗೆಯ ಡಿಸ್ಕಿಗೆ ಅದನ್ನು ಕೇಳಿದಾಗ ಕಿಲ್ಡಾಲ್‌ಗೆ ಬೇಸರವೂ ಬಂತು, ಉಪಾಯವೂ ಹೊಳೆಯಿತು. ಯಂತ್ರದಿಂದ ಯಂತ್ರಕ್ಕೆ ಬದಲಾಗುವುದನ್ನೆಲ್ಲ ಕಿತ್ತು ಒಂದು ಮೂಲೆಗೆ ಹಾಕಿ, ‘ಇದನ್ನು ನೀವೇ ಬರೆದುಕೊಳ್ಳಿ, ಉಳಿದದ್ದಕ್ಕೆ ಕೈ ಹಾಕಬೇಡಿ’ ಎಂದ. ಅಲ್ಲಿಯವರೆಗೆ ಪ್ರತಿ ಕಂಪನಿಯ ಯಂತ್ರಕ್ಕೂ ಪ್ರತ್ಯೇಕ ಸಾಫ್ಟ್‌ವೇರ್. ಆಮೇಲೆ ವರ್ಡ್‌ಸ್ಟಾರ್ ಎಂಬ ಒಂದೇ ಬರವಣಿಗೆಯ ಸಾಫ್ಟ್‌ವೇರ್ ನೂರಾರು ಮಾದರಿಯ ಕಂಪ್ಯೂಟರುಗಳಲ್ಲಿ ಓಡಿತು. ಸಾಫ್ಟ್‌ವೇರನ್ನು ಯಂತ್ರದಿಂದ ಬಿಡಿಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಉದ್ಯಮ ಬೆಳೆಯಲು ಈ ವಿಂಗಡಣೆ ದೊಡ್ಡ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯೋಸ್‌ನಲ್ಲಿ ಒಟ್ಟು 17 ಕೆಲಸಗಳು. ಕೀಲಿ ಒತ್ತಲಾಗಿದೆಯೇ ನೋಡು, ಒಂದಕ್ಷರ ತೆಗೆದುಕೋ, ಒಂದಕ್ಷರ ತೋರಿಸು, ಡ್ರೈವ್ ಆರಿಸು, ಟ್ರ್ಯಾಕ್ ಹೇಳು, ಸೆಕ್ಟರ್ ಹೇಳು, ಓದು, ಬರೆ... ಹೀಗೆ. ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಬರೆಯುವ, ಓದುವ ಯಂತ್ರಗಳಿಗೂ ಎರಡು ಜಾಗ ಮೀಸಲು. ಇಂದು ಆ ಎರಡಕ್ಕೂ ‘ಬಂದ ದಾರಿಗೆ ಸುಂಕವಿಲ್ಲ, ವಾಪಸ್ ಹೋಗು’ ಎಂಬ ಒಂದೇ ಆದೇಶ ಬರೆದರೆ ಸಾಕು. ಸೆಕ್ಟರುಗಳ ಕ್ರಮ ಅದಲುಬದಲು ಮಾಡುವ ಕೆಲಸವೂ ಒಂದಿದೆ. ತಿರುಗುವ ಫ್ಲಾಪಿಯಲ್ಲಿ ಒಂದು ಸೆಕ್ಟರ್ ಓದಿ ಅರಗಿಸಿಕೊಳ್ಳುವಷ್ಟರಲ್ಲಿ ಪಕ್ಕದ್ದು ಮುಂದೆ ಹೋಗಿಬಿಡುತ್ತಿತ್ತು. ಅದಕ್ಕೆ ಆರಾರು ಜಾಗ ಮುಂದಕ್ಕೆ ಜಿಗಿದು ಓದುವ ಏರ್ಪಾಡು. ಈಗ ತಿರುಗುವ ವಸ್ತುವೇ ಇಲ್ಲ, ಹಾಗಾಗಿ ಕೊಟ್ಟ ಸಂಖ್ಯೆಯನ್ನೇ ಹಿಂದಿರುಗಿಸಿದರಾಯಿತು.

ಫ್ಲಾಪಿಯ ಜಾಗದಲ್ಲಿ ಇಂದು ಹಾಕುವುದು ಹಳೆಯ ಕ್ಯಾಮೆರಾಗಳಲ್ಲಿ ಇರುತ್ತಿದ್ದ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡು. ಅದಕ್ಕೆ ಹಾರ್ಡ್ ಡಿಸ್ಕಿನಂತೆ ನಟಿಸುವುದು ಗೊತ್ತು. ಎಂಟು ಬಿಟ್ ಯಂತ್ರದೊಡನೆಯೂ ವ್ಯವಹರಿಸುತ್ತದೆ. ಆದರೆ ಕಾರ್ಡಿನ ಸೆಕ್ಟರ್ 512 ಬೈಟಿನದು, ಸಿಪಿ/ಎಂ ಕೇಳುವುದು 128ರ ತುಂಡು. ಒಂದು ತುಂಡು ಬದಲಿಸಬೇಕೆಂದರೆ ಬಯೋಸ್ 512ನ್ನೂ ಎತ್ತಿಕೊಂಡು, ಅದರ ಕಾಲು ಭಾಗ ತಿದ್ದಿ, ಪೂರ್ತಿ ಮರಳಿ ಬರೆಯಬೇಕು. ಬಯೋಸ್ ಬರೆಯುವವರ ಬೆವರು ಇಳಿಯುವುದು ಇಲ್ಲೇ. ಗಾತ್ರದ ಲೆಕ್ಕವೂ ಸ್ವಾರಸ್ಯದ್ದು. ಕಿಲ್ಡಾಲ್ ಬಳಸಿದ ಬಗೆಯ ಫ್ಲಾಪಿಯಲ್ಲಿ 77 ಟ್ರ್ಯಾಕು, ಒಂದೊಂದರಲ್ಲಿ 26 ಸೆಕ್ಟರು, ಒಂದೊಂದು ಸೆಕ್ಟರಿಗೆ 128 ಬೈಟು: ಗುಣಿಸಿದರೆ 2,56,256 ಬೈಟ್. ಸಿಪಿ/ಎಂ 2.2 ಹೆಚ್ಚೆಂದರೆ 16 ಡ್ರೈವುಗಳನ್ನು, ಒಂದೊಂದು 8 ಮೆಗಾಬೈಟಿನಂತೆ, ನಿಭಾಯಿಸಬಲ್ಲದು. ಅಂದರೆ 128 ಮೆಗಾಬೈಟ್. ಎಂದೋ ಡ್ರಾಯರ್ ಸೇರಿದ ಕಾರ್ಡೊಂದು ಈ ಲೋಕದ ಗರಿಷ್ಠ ಐಶ್ವರ್ಯ.

ಇಷ್ಟೂ ಸರಿಯಾದರೆ ಪರದೆಯ ಮೇಲೆ ‘ಎ’ ಅಕ್ಷರ ಮತ್ತು ಒಂದು ಬಾಣದ ಗುರುತು ಮೂಡುತ್ತದೆ. ಅಲ್ಲಿಂದಾಚೆ ವರ್ಡ್‌ಸ್ಟಾರ್, ದತ್ತಾಂಶ ನಿಭಾಯಿಸುವ ಡಿಬೇಸ್, ಜೋರ್ಕ್ ಆಟ ಎಲ್ಲವೂ ಲಭ್ಯ. ಬರೆಯುವ ಸಂಪಾದಕ, ಕಂಪೈಲರ್ ಎರಡನ್ನೂ 40 ಕಿಲೋಬೈಟಿಗಿಂತ ಕಡಿಮೆಯಲ್ಲಿ ಅಡಗಿಸಿದ ಟರ್ಬೊ ಪ್ಯಾಸ್ಕಲ್ ನನ್ನ ಮಟ್ಟಿಗೆ ಇವೆಲ್ಲವುಗಳ ರಾಣಿ. ಸ್ವಂತ ಪ್ರೋಗ್ರಾಮು ಬರೆಯುವವರಿಗೆ ಇನ್ನೊಂದು ಪರಿಚಿತ ಮುಖ ಎದುರಾಗುತ್ತದೆ. ಪರದೆಯ ಮೇಲೆ ಸಾಲೊಂದನ್ನು ತೋರಿಸಲು ಬಿಡಾಸ್‌ನ 9ನೇ ಸೇವೆಯನ್ನು ಕೇಳಬೇಕು, ಸಾಲಿನ ಕೊನೆಗೆ ಡಾಲರ್ ಚಿಹ್ನೆ ಇಡಬೇಕು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ 8086 ಲ್ಯಾಬಿನಲ್ಲಿ ಕೂತವರಿಗೆಲ್ಲ ಇದು ನೆನಪಿರುತ್ತದೆ: ಅಲ್ಲೂ 9ನೇ ಸೇವೆ, ಅಲ್ಲೂ ಡಾಲರ್. ಸಿಪಿ/ಎಂ ಪ್ರೋಗ್ರಾಮುಗಳನ್ನು ಸುಲಭವಾಗಿ ಹೊಸ ಚಿಪ್ಪಿಗೆ ಸಾಗಿಸಬೇಕೆಂದು ಟಿಮ್ ಪ್ಯಾಟರ್‌ಸನ್ ತನ್ನ 86-ಡಾಸ್‌ನಲ್ಲಿ ಆ ಸೇವೆಗಳ ಕ್ರಮವನ್ನೇ ಅನುಸರಿಸಿದ. ಮೈಕ್ರೋಸಾಫ್ಟ್ ಅದನ್ನು ಕೊಂಡು ಐಬಿಎಂಗೆ ಕೊಟ್ಟಿತು.

ತಮ್ಮ ಪಿಸಿಗೆ ಆಪರೇಟಿಂಗ್ ಸಿಸ್ಟಂ ಕೇಳಿಕೊಂಡು ಐಬಿಎಂನವರು ಬಂದ ದಿನ ಕಿಲ್ಡಾಲ್ ವಿಮಾನ ಹಾರಿಸುತ್ತ ಮೋಜು ಮಾಡುತ್ತಿದ್ದ, ಅದರಿಂದಲೇ ಕೆಟ್ಟ ಎಂಬ ಕಥೆ ಬಹಳ ಓಡಿದೆ. ಅವನು ಹಾರಿದ್ದು ಗ್ರಾಹಕನೊಬ್ಬನನ್ನು ಕಾಣಲು. ಸಂಜೆಗೆ ಮುಂಚೆ ಮರಳಿದ್ದ. ಅವನನ್ನು ಸೋಲಿಸಿದ್ದು ಬೆಲೆ: ಐಬಿಎಂ ಪಿಸಿಗೆ ಡಾಸ್ 40 ಡಾಲರಿಗೆ ಸಿಗುತ್ತಿದ್ದಾಗ ಸಿಪಿ/ಎಂನ ಪಿಸಿ ಆವೃತ್ತಿಯಾದ ಸಿಪಿ/ಎಂ-86ಕ್ಕೆ 240 ಡಾಲರ್ ಇತ್ತು. ಕಿಲ್ಡಾಲ್ 1994ರಲ್ಲಿ ತೀರಿಕೊಂಡ. 2014ರಲ್ಲಿ ಪೆಸಿಫಿಕ್ ಗ್ರೋವ್‌ನ ಅವನ ಹಳೆಯ ಕಚೇರಿಯ ಮುಂದೆ ಐಇಇಇ ಸಂಸ್ಥೆ ಒಂದು ಫಲಕ ನೆಟ್ಟಿತು.

ಕಾನೂನಿನ ಹೆದರಿಕೆ ಯಾರಿಗೂ ಬೇಡ. ಸಿಪಿ/ಎಂನ ಹಕ್ಕು ಹೊಂದಿದ್ದ ಲಿನಿಯೊ ಕಂಪನಿ 2001ರಲ್ಲಿ ಅದರ ಹಂಚಿಕೆಗೆ ಒಪ್ಪಿತು. ಆ ಅನುಮತಿ ಎಲ್ಲರಿಗೂ ಅನ್ವಯಿಸುತ್ತದೆ ಎಂದು 2022ರಲ್ಲಿ ಹಕ್ಕುದಾರರು ಸ್ಪಷ್ಟಪಡಿಸಿದರು. ಕೊರತೆ ಬಿದ್ದಿರುವುದು ಚಿಪ್ಪಿಗೆ. 48 ವರ್ಷ ಸತತವಾಗಿ ಮಾರಾಟವಾದ ಝಡ್-80ಕ್ಕೆ ಝೈಲಾಗ್ 2024ರ ಜೂನ್‌ನಲ್ಲಿ ಕೊನೆಯ ಆರ್ಡರುಗಳನ್ನು ಪಡೆದು ಬಾಗಿಲು ಹಾಕಿತು. ಅದರ ಮುಂದಿನ ಪೀಳಿಗೆಯ ಚಿಪ್ಪುಗಳು ಸಿಗುತ್ತವೆ, ಆದರೆ ಬ್ರೆಡ್‌ಬೋರ್ಡಿನಲ್ಲಿ ಚುಚ್ಚಬಹುದಾದ ಆ 40 ಕಾಲಿನದು ಇನ್ನು ಹಳೆಯ ದಾಸ್ತಾನಿನಲ್ಲಿ ಮಾತ್ರ.

ನಮಗೆ ಮಾತ್ರ ಇನ್ನೊಂದು ದಾರಿ ಇದೆ. 8080ರ ನೇರ ತಮ್ಮನಾದ 8085 ಚಿಪ್ಪೂ ಸಿಪಿ/ಎಂ ಅನ್ನು ಓಡಿಸಬಲ್ಲದು, ಅದಕ್ಕೂ 5 ವೋಲ್ಟ್ ಸಾಕು. ರಾಜ್ಯದ ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿ 8085 ಕಿಟ್‌ಗಳ ಮೇಲೆ ಹಲವು ತಲೆಮಾರುಗಳು ಅಸೆಂಬ್ಲಿ ಕಲಿತಿವೆ. ಆ ಕಿಟ್‌ಗಳಲ್ಲಿರುವ ನೆನಪು ಇದಕ್ಕೆ ಸಾಲದು. 64 ಕಿಲೋಬೈಟ್ ರಾಮ್, ರೋಮ್ ಮರೆಮಾಡುವ ಮಂಡಲ, ಕಾರ್ಡ್ ಸಂಪರ್ಕ ಹೊಸದಾಗಿ ಸೇರಿಸಬೇಕು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಕೆಲಸ. ನಿಮ್ಮ ಕಾಲೇಜಿನ ಸ್ಟೋರ್‌ರೂಮಿನಲ್ಲಿ ಧೂಳು ತಿನ್ನುತ್ತಿರುವ 8085 ಕಿಟ್ ಕಂಡರೆ ಗುಜರಿಗೆ ಹಾಕಲು ಬಿಡಬೇಡಿ, ಒಂದನ್ನಾದರೂ ಕೇಳಿ ಪಡೆದುಕೊಳ್ಳಿ.