ತರಗತಿಯೊಳಗಿನ ಚಿಕಿತ್ಸೆ

ಚಿಕಿತ್ಸೆಯೆಂಬ ಮಾತನ್ನು ಕೇಳಿದೊಡನೆ ಔಷಧದ ಸೀಸೆ, ಸೂಜಿಮದ್ದು, ಆಸ್ಪತ್ರೆಯ ಮಂಚ ಇವೇ ಕಣ್ಣ ಮುಂದೆ ನಿಲ್ಲುತ್ತವೆ. ಔಷಧವಿಲ್ಲದ ಚಿಕಿತ್ಸೆಯೂ ಉಂಟು. ನಾಲಗೆಗೆ ಒಂದು ಅಕ್ಷರದ ನೆಲೆಯನ್ನು ಕಲಿಸುವುದು, ಬೆರಳುಗಳಿಗೆ ಬಳಪದ ಹಿಡಿತವನ್ನು ಕಲಿಸುವುದು, ಸೆಟೆದ ಕಾಲನ್ನು ದಿನದಿನವೂ ನೀಡಿ ಸಡಿಲಿಸುವುದು ಇವೆಲ್ಲ ಅಂಥವೇ. ಇವು ಫಲಿಸುವುದು ಅಭ್ಯಾಸದಿಂದ. ಅಭ್ಯಾಸವು ನಡೆಯಬೇಕಾದುದು ಮಗುವು ದಿನದ ಬಹುಭಾಗವನ್ನು ಕಳೆಯುವ ಕಡೆಯಲ್ಲಿ. ಆದುದರಿಂದಲೇ ಈ ಚಿಕಿತ್ಸೆಗೆ ಶಾಲೆಯು ತಕ್ಕ ಸ್ಥಳವೆನಿಸಿದೆ.

ಕೇಳುವುದರಲ್ಲಿ, ನೋಡುವುದರಲ್ಲಿ, ನಡೆಯುವುದರಲ್ಲಿ, ಮಾತಿನಲ್ಲಿ ಅಥವಾ ಗ್ರಹಿಕೆಯಲ್ಲಿ ತೊಡಕುಳ್ಳ ಮಕ್ಕಳಿಗೆ ಬಹುಕಾಲ ಬೇರೆಯ ಶಾಲೆ, ಇಲ್ಲವೆ ಮನೆಯ ಮೂಲೆ ಎಂಬಂತಿತ್ತು. ಅವರನ್ನು ಸಾಮಾನ್ಯ ಶಾಲೆಗಳಿಗೆ ಕರೆತರುವ ಯೋಜನೆಯೊಂದನ್ನು ಭಾರತ ಸರ್ಕಾರವು 1974ರಲ್ಲಿ ಕೈಗೊಂಡಿತು. ಮುಂದೆ 1995ರಲ್ಲಿ ಒಂದು ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಹೆಸರಿಸಿ, ಈ ಮಕ್ಕಳು ಇತರರೊಡನೆ ಕೂಡಿ ಕಲಿಯಲು ಬೇಕಾದ ನೆರವನ್ನು ಶಾಲೆಗಳೇ ಒದಗಿಸಬೇಕೆಂದು ವಿಧಿಸಿತು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವುದೇನೋ ಒಂದು ದಿನದ ಕೆಲಸ. ಅನಂತರದ ಕೆಲಸ ಹೇಗೆ ನಡೆಯುತ್ತದೆ?

ಮಾತಿನ ಚಿಕಿತ್ಸೆಯನ್ನೇ ಮೊದಲು ನೋಡಬಹುದು. ‘ಕಾಗೆ’ ಎನ್ನಲು ಹೋಗಿ ‘ತಾದೆ’ ಎನ್ನುವ ಮಕ್ಕಳಿದ್ದಾರೆ. ‘ಕ’ಕಾರವು ಹುಟ್ಟಬೇಕಾದರೆ ನಾಲಗೆಯ ಹಿಂಭಾಗವು ಮೇಲೆದ್ದು ಅಂಗುಳದ ಮೃದುವಾದ ಭಾಗವನ್ನು ಮುಟ್ಟಬೇಕು. ಈ ಮಕ್ಕಳಲ್ಲಿ ನಾಲಗೆಯ ತುದಿ ಮುಂದಕ್ಕೆ ಹೋಗಿ ಹಲ್ಲನ್ನು ಮುಟ್ಟುತ್ತದೆ, ‘ಕ’ವು ‘ತ’ವಾಗುತ್ತದೆ. ನಮ್ಮ ವರ್ಣಮಾಲೆಯ ವರ್ಗಗಳು ಗಂಟಲಿನ ಕಡೆಯಿಂದ ಹೊರಟು ಅಂಗುಳ, ಹಲ್ಲುಗಳನ್ನು ದಾಟಿ ತುಟಿಯವರೆಗೆ ಬರುತ್ತವೆಯಷ್ಟೆ. ಒಂಬತ್ತನೆಯ ತರಗತಿಯವರಿಗೆ ಈ ಕ್ರಮವು ವ್ಯಾಕರಣದ ಒಂದು ಪಾಠ. ಕನ್ನಡ ಮಕ್ಕಳೊಡನೆ ದುಡಿಯುವ ವಾಕ್ ಚಿಕಿತ್ಸಕರಿಗೆ ಅದೇ ಬಾಯಿಯ ನಕ್ಷೆ. ಅವರು ಮಗುವಿನ ಮುಂದೆ ಕನ್ನಡಿಯನ್ನಿಟ್ಟು ನಾಲಗೆಯ ತುದಿ ಎಲ್ಲಿದೆಯೆಂದು ತೋರಿಸುತ್ತಾರೆ. ಗುಟುಕು ನೀರನ್ನು ಗಂಟಲಿನಲ್ಲಿ ಗಳಗಳಿಸುವಂತೆ ಮಾಡಿಸಿ, ಹಿಂಭಾಗದ ಆ ನೆಲೆಯ ಅರಿವನ್ನು ತಂದುಕೊಡುತ್ತಾರೆ. ಮೊದಲು ಬರಿಯ ಧ್ವನಿ, ಆಮೇಲೆ ಅಕ್ಷರ, ಅನಂತರ ಪದ, ಕಡೆಗೆ ವಾಕ್ಯ. ಇಷ್ಟಾದರೂ ಚಿಕಿತ್ಸಕರ ಮುಂದೆ ‘ಕಾಗೆ’ ಎಂದ ಮಗು ಗೆಳೆಯರ ನಡುವೆ ಮತ್ತೆ ‘ತಾದೆ’ ಎನ್ನುವುದುಂಟು. ಕಲಿತದ್ದು ನಾಲಗೆಯಲ್ಲಿ ನೆಲಸುವುದು ಪದ್ಯವನ್ನು ಹೇಳುವಾಗ, ಹಾಜರಿ ಕೂಗುವಾಗ, ಬಯಲಿನಲ್ಲಿ ಆಡುವಾಗ. ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲೇ ಸ್ಥಾಪಿತವಾಯಿತೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಕಿವಿ ಮಂದವಾದ ಮಗುವಿನ ಕಷ್ಟ ಇನ್ನೊಂದು ಬಗೆಯದು. ಶ್ರವಣೋಪಕರಣವು ಗುರುಗಳ ಮಾತನ್ನು ದೊಡ್ಡದು ಮಾಡುವಂತೆ ಬೆಂಚು ಎಳೆದ ಸದ್ದನ್ನೂ ದೊಡ್ಡದು ಮಾಡುತ್ತದೆ. ಆದುದರಿಂದ ಮಗುವು ತುಟಿಯ ಚಲನೆಯನ್ನೂ ನೋಡಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಆದರೆ ಪಾವು, ಬಾವು, ಮಾವು ಈ ಮೂರು ಪದಗಳೂ ತುಟಿಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ! ವಾಕ್ಯದ ಸಂದರ್ಭವನ್ನು ಹಿಡಿದು ಮಗುವು ಅದು ಅಳತೆಯೋ, ಊತವೋ, ಹಣ್ಣೋ ಎಂದು ಊಹಿಸಬೇಕು. ಉಪಾಧ್ಯಾಯರು ಕಪ್ಪುಹಲಗೆಯತ್ತ ತಿರುಗಿ ಬರೆಯುತ್ತಲೇ ಮಾತನಾಡಿದರೆ ಆ ಊಹೆಗೂ ಅವಕಾಶವಿಲ್ಲ. ಬರೆದು ಮುಗಿಸಿ, ತರಗತಿಯ ಕಡೆ ಮುಖಮಾಡಿ, ಬೆಳಕು ಮುಖದ ಮೇಲೆ ಬೀಳುವಂತೆ ನಿಂತು ಹೇಳುವುದಕ್ಕೆ ಯಾವ ವೆಚ್ಚವೂ ತಗಲುವುದಿಲ್ಲ.

ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯು ಮಗುವಿನ ಬೆಳೆಯುತ್ತಿರುವ ಮಿದುಳಿಗೆ ಜನನಕ್ಕೆ ಮೊದಲೋ ಜನನದ ಆಸುಪಾಸಿನಲ್ಲೋ ಆದ ಪೆಟ್ಟಿನಿಂದ ಉಂಟಾಗುತ್ತದೆ. ಮಿದುಳಿನ ಆ ಪೆಟ್ಟು ಹೆಚ್ಚುತ್ತ ಹೋಗುವುದಿಲ್ಲ. ಆದರೆ ಮೂಳೆಗಳು ಬೆಳೆದಷ್ಟು ಬಿಗಿದ ಸ್ನಾಯುಗಳು ಉದ್ದವಾಗದೆ, ಕಾಲು ಕೈಗಳು ಇನ್ನಷ್ಟು ಸೆಟೆಯಬಹುದು. ಶಾಲೆಯ ವರ್ಷಗಳಲ್ಲಿ ಅಂಗಸಾಧನೆ ತಪ್ಪಬಾರದೆನ್ನುವುದು ಇದರಿಂದಲೇ. ಕುಳಿತುಕೊಳ್ಳುವ ರೀತಿಯೂ ಚಿಕಿತ್ಸೆಯ ಭಾಗವೇ. ಬೆಂಚಿನಿಂದ ಕಾಲು ತೂಗಾಡುತ್ತಿದ್ದರೆ ಮಗುವಿನ ಶಕ್ತಿಯೆಲ್ಲ ಬೀಳದೆ ಉಳಿಯುವುದರಲ್ಲಿಯೇ ವ್ಯಯವಾಗುತ್ತದೆ. ಬರೆಯಲು ಕೈ ಬಿಡುವಾಗುವುದಿಲ್ಲ. ಪಾದಗಳ ಕೆಳಗೆ ಒಂದು ಹಲಗೆ, ಮೊಣಕೈಯ ಮಟ್ಟಕ್ಕೆ ಮೇಜು, ಬಟ್ಟೆ ಸುತ್ತಿ ದಪ್ಪಮಾಡಿದ ಪೆನ್ಸಿಲು ಇವಿಷ್ಟನ್ನು ಊರಿನ ಬಡಗಿಯೂ ತಾಯಿಯೂ ಸೇರಿ ಒದಗಿಸಬಲ್ಲರು. ಕೈಯ ಇಂಥ ಕೆಲಸಗಳನ್ನು ರೂಢಿಸುವುದಕ್ಕೆ ‘ಔದ್ಯೋಗಿಕ ಚಿಕಿತ್ಸೆ’ ಎಂಬ ಹೆಸರು ಬಿದ್ದಿದೆ. ಉದ್ಯೋಗ ಕೊಡಿಸುವ ಕೆಲಸವೆಂಬ ಭ್ರಮೆಯನ್ನು ಹುಟ್ಟಿಸುವ ಈ ಹೆಸರು ಅಷ್ಟು ಸಮರ್ಪಕವಲ್ಲ. ಗುಂಡಿ ಹಾಕಿಕೊಳ್ಳುವುದು, ತುತ್ತು ಎತ್ತುವುದು, ಅಕ್ಷರ ಬರೆಯುವುದು ಇವೇ ಇಲ್ಲಿನ ಉದ್ಯೋಗ. ಹಿಂದಿನ ಐಗಳ ಮಠದಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಬೆರಳಿಗೆ ಅಕ್ಷರದ ತಿರುವು ತಿಳಿಯಲೆಂದು ಇಂದಿನ ಚಿಕಿತ್ಸಕರೂ ಮರಳಿನ ತಟ್ಟೆಯನ್ನೇ ಮುಂದಿಡುತ್ತಾರೆ.

ಕರ್ನಾಟಕದಲ್ಲಿ ಸಮನ್ವಯ ಶಿಕ್ಷಣಕ್ಕಾಗಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರೊಬ್ಬರಿಗೆ ಹಲವು ಶಾಲೆಗಳು. ಒಂದು ಶಾಲೆಗೆ ಅವರು ದಿನವೂ ಬರುವುದು ಆಗದ ಮಾತು. ಬಂದ ದಿನ ಮಗುವನ್ನು ಎಲ್ಲಿ, ಯಾವಾಗ ಕರೆದೊಯ್ಯಬೇಕೆಂಬುದೂ ವಿಚಾರ ಮಾಡತಕ್ಕದ್ದು. ಪಾಠ ಕೆಡದಿರಲೆಂದು ಆಟದ ಅವಧಿಯಲ್ಲಿ ಕರೆಯುವುದು ಸುಲಭವಾಗಿ ತೋರುತ್ತದೆ. ಗೆಳೆಯರಿಲ್ಲದ ಮಗುವಿನಿಂದ ಆಟವನ್ನೂ ಕಿತ್ತುಕೊಂಡು ಕೊಡುವ ಚಿಕಿತ್ಸೆ ಎಂಥದು? ಸಾಧ್ಯವಾದಷ್ಟನ್ನು ತರಗತಿಯ ದಿನಚರಿಯಲ್ಲಿಯೇ ಬೆರೆಸಿ, ತರಗತಿಯ ಉಪಾಧ್ಯಾಯರಿಗೆ ತಿಳಿಸಿ ಹೋಗುವುದೇ ಮೇಲು.

ಸಹಪಾಠಿಗಳ ಪಾಲೂ ಸಣ್ಣದಲ್ಲ. ಉಗ್ಗುವ ಹುಡುಗನ ವಾಕ್ಯವನ್ನು ತಾವೇ ಪೂರೈಸುವವರು ಕರುಣೆಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಅವನಿಗೆ ಬೇಕಾದುದು ಕಾಯುವ ಕಿವಿ. ಗಾಲಿಕುರ್ಚಿಯ ಹುಡುಗಿಯನ್ನು ಕೇಳದೆಯೇ ತಳ್ಳಿಕೊಂಡು ಹೋಗುವುದೂ ಹೀಗೆಯೇ. ತಾನೇ ಗಾಲಿಯನ್ನು ತಿರುಗಿಸುವುದು ಅವಳ ತೋಳಿಗೆ ಅಂದಿನ ಸಾಧನೆಯಾಗಿರಬಹುದು.

ಶಾಲೆಯವರೆಗೆ ಬರಲಾರದ ಮಕ್ಕಳೂ ಇದ್ದಾರೆ. ಅವರಿಗಾಗಿ ಗೃಹಾಧಾರಿತ ಶಿಕ್ಷಣದ ಏರ್ಪಾಡಿದೆ. ಶಿಕ್ಷಕರು ಮನೆಗೆ ಹೋಗಿ, ಮಗುವನ್ನು ಗೋಡೆಗೆ ಒರಗಿಸಿ ಕೂರಿಸುವ ಬಗೆ, ಕಾಲನ್ನು ನೀಡುವ ಬಗೆಗಳನ್ನು ತಾಯಿಗೆ ತೋರಿಸಿಕೊಡುತ್ತಾರೆ. ಕುತ್ತಿಗೆ ನಿಂತು, ಕುಳಿತುಕೊಳ್ಳುವ ಶಕ್ತಿ ಬಂದ ಮೇಲೆ ಇವರಲ್ಲಿ ಕೆಲವರು ದಿನಕ್ಕೆ ಒಂದೆರಡು ಗಂಟೆಯ ಮಟ್ಟಿಗಾದರೂ ತರಗತಿಗೆ ಬಂದು ಕೂರುತ್ತಾರೆ.