ಬೆನ್ನನ್ನು ಎಳೆಯುವ ಚಿಕಿತ್ಸೆ

ಸೊಂಟ ಹಿಡಿದುಕೊಂಡು ಹಾಸಿಗೆ ಹಿಡಿದವನಿಗೆ, ಯಾರಾದರೂ ತನ್ನ ಬೆನ್ನನ್ನು ಎರಡು ಕಡೆಯಿಂದಲೂ ಹಿಡಿದೆಳೆದು ಸಡಿಲಿಸಿದರೆ ಸಾಕಪ್ಪಾ ಎಂದೆನಿಸುವುದು ಎಷ್ಟು ಸಹಜವೋ ಅಷ್ಟೇ ಪುರಾತನವೂ ಹೌದು. ಗ್ರೀಕ್ ವೈದ್ಯ ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲಿಯೇ, ಬಾಗಿದ ಬೆನ್ನುಳ್ಳವನನ್ನು ಹಲಗೆಯ ಮೇಲೆ ಬೋರಲಾಗಿ ಮಲಗಿಸಿ, ಎದೆಗೂ ಸೊಂಟಕ್ಕೂ ಪಟ್ಟಿಗಳನ್ನು ಬಿಗಿದು ಎಳೆಯುವ ಕ್ರಮವು ವರ್ಣಿತವಾಗಿದೆ. ಇಂದು ಗಣಕದ ನಿಯಂತ್ರಣದಲ್ಲಿ, ಶಸ್ತ್ರಕ್ರಿಯೆಯ ಹಂಗಿಲ್ಲದೆ, ಎರಡು ಭಾಗವಾಗಿ ಸರಿಯುವ ಮೇಜಿನ ಮೇಲೆ ನಡೆಯುವ ಚಿಕಿತ್ಸೆಯು ಆ ಹಲಗೆಯ ವಂಶದ್ದೇ.

ಕಶೇರುಗಳ ನಡುವೆ ಇರುವ 23 ಡಿಸ್ಕುಗಳಲ್ಲಿ ಪ್ರತಿಯೊಂದೂ, ಹೊರಗೆ ನಾರಿನ ಬಳೆ, ಒಳಗೆ ಬಹುಮಟ್ಟಿಗೆ ನೀರೇ ಆಗಿರುವ ಲೋಳೆ, ಇವುಗಳಿಂದ ರಚಿತವಾದ ಮೆತ್ತೆಯಾಗಿದ್ದು, ಒಳಗೆ ರಕ್ತನಾಳಗಳಿಲ್ಲದ ಕಾರಣ ಅಕ್ಕಪಕ್ಕದ ಮೂಳೆಗಳಿಂದ ಜಿನುಗಿ ಬರುವ ಪೋಷಣೆಯನ್ನೇ ಆಶ್ರಯಿಸಿರುತ್ತದೆ. ಹಗಲೆಲ್ಲ ದೇಹದ ಭಾರಕ್ಕೆ ಹಿಂಡಲ್ಪಟ್ಟು ನೀರನ್ನು ಬಿಟ್ಟುಕೊಡುವ ಈ ಮೆತ್ತೆಯು ರಾತ್ರಿಯ ನಿದ್ರೆಯಲ್ಲಿ ಮರಳಿ ಹೀರಿಕೊಳ್ಳುವುದರಿಂದಲೇ ನಾವೆಲ್ಲರೂ ಬೆಳಗಿನಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಹೆಚ್ಚು ಎತ್ತರವಾಗಿರುತ್ತೇವೆ. ಬಳೆ ಹರಿದು ಲೋಳೆ ಹೊರಚಾಚಿ ನರವನ್ನೊತ್ತಿದರೆ ಕಾಲಿಗಿಳಿಯುವ ನೋವು ಹುಟ್ಟುವುದೆಂದು ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ನಮ್ಮ ಆಯುರ್ವೇದವು ಅಂಥ ನೋವನ್ನೇ ಗೃಧ್ರಸಿಯೆಂದು ಕರೆದಿದೆ.

ಡಿಸ್ಕಿನೊಳಗೆ ಸೂಜಿಯನ್ನಿಳಿಸಿ ಒತ್ತಡವನ್ನಳೆದ ಸ್ವೀಡನ್ನಿನ ನ್ಯಾಕೆಮ್ಸನ್, ಮಲಗಿದಾಗ ಅದು ತೀರ ಕಡಿಮೆ, ಮುಂದಕ್ಕೆ ಬಾಗಿ ಕುಳಿತಾಗ ನಿಂತುದಕ್ಕಿಂತಲೂ ಹೆಚ್ಚು ಎಂದು ಕಂಡುಕೊಂಡನು. 1994ರಲ್ಲಿ ರಾಮೋಸ್ ಮತ್ತು ಮಾರ್ಟಿನ್ ಎಂಬಿಬ್ಬರು ಬೆರಳೆಣಿಕೆಯ ರೋಗಿಗಳಲ್ಲಿ, ಎಳೆತದ ಹೊತ್ತಿನಲ್ಲಿ ಆ ಒತ್ತಡವು ಶೂನ್ಯಕ್ಕಿಂತಲೂ ಕೆಳಗೆ ಜಾರುವುದೆಂದು ವರದಿ ಮಾಡಿದರು. ಹೊರಚಾಚಿದ ಲೋಳೆಯು ಇದರಿಂದ ಒಳಸೆಳೆಯಲ್ಪಡುವುದೆಂಬ ಆಸೆಯು ಹುಟ್ಟಿದ್ದು ಸ್ವಾಭಾವಿಕವೇ. ಆದರೆ ಒತ್ತಡವಿಳಿಯುವುದು ಒಂದು, ನೋವು ನೀಗುವುದು ಮತ್ತೊಂದು. ಮೇಜಿನಿಂದೆದ್ದು ನಿಂತ ಕ್ಷಣವೇ ಭಾರವೂ ಹಿಂದಿರುಗುವುದಷ್ಟೆ. 32 ಪ್ರಯೋಗಗಳನ್ನೂ 2,762 ರೋಗಿಗಳನ್ನೂ ಒಟ್ಟುಗೂಡಿಸಿ 2013ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆ ನಡೆಸಿದ ಸಮೀಕ್ಷೆಯು, ಸೊಂಟನೋವಿಗೆ ಎಳೆತದಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲವೆಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯು 2016ರಲ್ಲಿ ಅದನ್ನು ಕೊಡಬಾರದೆಂದೇ ಹೇಳಿತು. ಕೊರಳಿನ ನರವೊತ್ತಿ ತೋಳಿಗಿಳಿಯುವ ನೋವಿನಲ್ಲಿ ಮಾತ್ರ, ವ್ಯಾಯಾಮದೊಡನೆ ಸೇರಿದ ಎಳೆತವು ಕೆಲವರಿಗೆ ನೆರವಾದುದುಂಟು.

ಹಾಗಾದರೆ ಮೇಜಿನ ಮೇಲೆ ಹತ್ತಾರು ಸಲ ಮಲಗಿ ಗುಣವಾದೆನೆನ್ನುವವರ ಮಾತು ಸುಳ್ಳೇ? ಅಲ್ಲ. ಹೊರಬಿದ್ದ ಲೋಳೆಯ ತುಣುಕನ್ನು ದೇಹದ ರಕ್ಷಕ ಕೋಶಗಳೇ ವಾರಗಳಲ್ಲಿ, ತಿಂಗಳುಗಳಲ್ಲಿ ಕರಗಿಸಿಬಿಡುವುದು ಸಾಮಾನ್ಯ. ಆ ಅವಧಿಯಲ್ಲಿ ಯಾವ ಚಿಕಿತ್ಸೆ ನಡೆದಿತ್ತೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಬೆಲೆ ತೆತ್ತು ಮಲಗುವ ಬಡವನಿಗೆ ಇದನ್ನು ಮೊದಲೇ ತಿಳಿಸಬೇಕಾದುದು ವೈದ್ಯನ ಧರ್ಮವೆಂದು ನಾನು ಭಾವಿಸುತ್ತೇನೆ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್ ತೆಗೆದರೂ, 20 ವರ್ಷದವರಲ್ಲಿ ನೂರಕ್ಕೆ 30, 80 ವರ್ಷದವರಲ್ಲಿ 84 ಮಂದಿಯ ಡಿಸ್ಕು ಉಬ್ಬಿರುವುದನ್ನೂ ಅವನಿಗೆ ಹೇಳಬೇಕು.

ಮೂಳೆ ಸವೆದವರಿಗೆ, ಮುರಿದವರಿಗೆ, ಗರ್ಭಿಣಿಯರಿಗೆ ಈ ಎಳೆತವು ಸಲ್ಲದು. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲು ಸೋತರೆ, ಮೇಜನ್ನು ಮರೆತು ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಸ್ತ್ರಕ್ರಿಯೆಯೇ ನರಗಳನ್ನು ಉಳಿಸಬಲ್ಲುದು.